ರಜೆಯಲ್ಲಿ ಮಗುವನ್ನು ಊರಿಗೆ ಕರೆದೊಯ್ಯುವ ಮುನ್ನ

(ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಡೆದ ಪಾಲಕರ ಸಭೆಯಲ್ಲಿ ವೈದ್ಯರು ಮಾಡಿದ ಭಾಷಣದ ಬರಹರೂಪ)



ಏಪ್ರಿಲ್ ಹತ್ತಿರ ಬಂತು. ಶಾಲೆಗೆ ರಜೆ, ಮನೆಮನೆಯಲ್ಲಿ ಲಗ್ನ, ಊರೂರಲ್ಲಿ ಜಾತ್ರೆ. ಈ ದಿನಗಳಲ್ಲಿ ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ತಾಯಂದಿರು ಔಷಧದ ಚೀಟಿ ಬರೆಸಿಕೊಂಡ ಮೇಲೆ ಎದ್ದು ಹೋಗುವುದಿಲ್ಲ. ಸ್ವಲ್ಪ ಹೊತ್ತು ಕೂತು, "ಊರಿಗೆ ಹೋಗೂದೈತ್ರಿ, ಇವನ್ನ ಕರ್ಕೊಂಡು ಹೋಗ್ಲೋ ಬ್ಯಾಡೋ?" ಎಂದು ಕೇಳುತ್ತಾರೆ. ಸ್ವಲೀನತೆ, ಅಂದರೆ ಆಟಿಸಂ ಇರುವ ಮಕ್ಕಳ ಪಾಲಕರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಆದ್ದರಿಂದ ಇಂದಿನ ಸಭೆಯಲ್ಲಿ ಇದೊಂದನ್ನೇ ಮಾತನಾಡೋಣ ಎಂದುಕೊಂಡಿದ್ದೇನೆ.

ಈ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಸುಮಾರು ವರ್ಷಗಳ ಹಿಂದಿನ ಮಾತು. ನಾಲ್ಕು ವರ್ಷದ ಹುಡುಗ, ಮಾತು ಬಂದಿರಲಿಲ್ಲ. ತಾಯಿ ತನ್ನ ತಂಗಿಯ ಲಗ್ನಕ್ಕೆ ಹೋಗಬೇಕೆಂದು ಕೇಳಿದರು. ಆಗಷ್ಟೇ ಹುಡುಗ ಸರಿಯಾಗಿ ಊಟ ಮಾಡಲು, ರಾತ್ರಿ ನಿದ್ದೆ ಮಾಡಲು ಶುರು ಮಾಡಿದ್ದ. "ಇಷ್ಟು ಕಷ್ಟಪಟ್ಟು ದಿನಚರಿ ಕೂಡಿಸಿದ್ದೀರಿ, ಅದನ್ನು ಕೆಡಿಸಬೇಡಿ, ಹೋಗಬೇಡಿ" ಎಂದು ನಾನು ಹೇಳಿದೆ. ವೈದ್ಯರು ಹೇಳಿದ್ದಾರೆ ಎಂದು ಆ ತಾಯಿ ಹೋಗಲಿಲ್ಲ. ಅದೊಂದು ಲಗ್ನಕ್ಕಷ್ಟೇ ಅಲ್ಲ, ಆಮೇಲೆ ಏಳು ವರ್ಷ ಎಲ್ಲಿಗೂ ಹೋಗಲಿಲ್ಲ. ನಾನು ಹೇಳಿದ್ದು ಆ ಒಂದು ಸಲಕ್ಕೆ. ಅವರು ಕೇಳಿಸಿಕೊಂಡದ್ದು ಎಂದೆಂದಿಗೂ ಎಂದು. ಹುಡುಗನಿಗೆ ಹನ್ನೊಂದು ವರ್ಷವಾದಾಗ ಆಕೆಯ ತಂದೆ ತೀರಿಕೊಂಡರು. ಈಗ ಹೋಗಲೇಬೇಕು, ಅದೂ ಅದೇ ರಾತ್ರಿ. ಮನೆ ಬಿಟ್ಟು ಎಂದೂ ಮಲಗದ ಹುಡುಗ, ಅಳುವ ಜನರಿಂದ ತುಂಬಿದ ಮನೆ. ಎರಡು ರಾತ್ರಿ ಕಿರುಚಿ ತನ್ನ ಕೈ ತಾನೇ ಕಚ್ಚಿಕೊಂಡು ಗಾಯ ಮಾಡಿಕೊಂಡ. ಆ ತಾಯಿಗೆ ತಂದೆಯ ಮುಖವನ್ನು ಸಮಾಧಾನವಾಗಿ ನೋಡುವುದಕ್ಕೂ ಆಗಲಿಲ್ಲ. ವಾಪಸು ಬಂದ ಮೇಲೆ ನನ್ನ ಮುಂದೆ ಕೂತು, ಸಿಟ್ಟಿಲ್ಲದೆ, "ಮೊದ್ಲಿಂದ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿದ್ರ ಇಷ್ಟ್ ಆಗ್ತಿರ್ಲಿಲ್ಲೇನೋ ಅಲ್ರೀ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಅಂದಿನಿಂದ ನನ್ನ ಸಲಹೆ ಬದಲಾಗಿದೆ. ಕರೆದುಕೊಂಡು ಹೋಗಿ. ಆದರೆ ತಯಾರಿ ಮಾಡಿಕೊಂಡು ಹೋಗಿ.

ಈ ಮಕ್ಕಳಿಗೆ ದಿನಚರಿ ಯಾಕೆ ಅಷ್ಟು ಮುಖ್ಯ ಎಂಬುದನ್ನು ತಿಳಿದುಕೊಂಡರೆ ತಯಾರಿ ಸುಲಭ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಈ ಸ್ಥಿತಿಯನ್ನು ವರ್ಣಿಸಿದರು. ಎಲ್ಲವೂ ಇದ್ದ ಹಾಗೆಯೇ ಇರಬೇಕು ಎಂಬ ತೀವ್ರ ಹಂಬಲವನ್ನು ಅವರು ಆಗಲೇ ಗುರುತಿಸಿದ್ದರು. ನಮಗೆ ಬಸ್ ಸ್ಟ್ಯಾಂಡಿನಲ್ಲಿ ನೂರು ಸದ್ದು ಕೇಳಿದರೂ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೇವೆ. ಈ ಮಕ್ಕಳಲ್ಲಿ ಹಲವರಿಗೆ ನೂರೂ ಒಂದೇ ಸಲ ಒಳಗೆ ನುಗ್ಗುತ್ತವೆ. ಮುಂದೆ ಏನಾಗುತ್ತದೆ ಎಂದು ಊಹಿಸುವುದೂ ಅವರಿಗೆ ಕಷ್ಟ. ಹೀಗಿರುವಾಗ, ಸ್ನಾನದ ನಂತರ ತಿಂಡಿ, ತಿಂಡಿಯ ನಂತರ ಶಾಲೆ ಎಂಬ ಕ್ರಮ ಅವರಿಗೆ ಹಿಡಿದುಕೊಳ್ಳಲು ಸಿಕ್ಕ ಕಟಕಟೆ ಇದ್ದ ಹಾಗೆ. ಅದನ್ನು ಕಸಿದುಕೊಂಡಾಗ ಬರುವ ಅಳು ಹಟವಲ್ಲ, ಭಯ. ಹಟಕ್ಕೆ ಹೊಡೆದು ಬುದ್ಧಿ ಹೇಳುವವರುಂಟು. ಭಯಪಟ್ಟ ಮಗುವಿಗೆ ಹೊಡೆದರೆ ಭಯ ಎರಡರಷ್ಟಾಗುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ಗಮನಿಸಿ. ದಿನಚರಿ ಎಂದರೆ ನಿಮ್ಮ ಮನೆಯ ಗೋಡೆಯಲ್ಲ. ಒಂದರ ನಂತರ ಇನ್ನೊಂದು ಬರುವ ಕ್ರಮ ಅದು, ಮತ್ತು ಆ ಕ್ರಮದಲ್ಲಿ ಬರುವ ಕೆಲವು ವಸ್ತುಗಳು. ಇವೆರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ಮೊದಲ ಪ್ರಯಾಣ ದೊಡ್ಡದಾಗಿರಬಾರದು. ನಿಮ್ಮ ಊರಲ್ಲೇ ಇರುವ ಅಕ್ಕನ ಮನೆಯಲ್ಲೋ ಕಾಕಾನ ಮನೆಯಲ್ಲೋ ಒಂದು ಮಧ್ಯಾಹ್ನ ಊಟ ಮಾಡಿ ಬನ್ನಿ. ಇನ್ನೊಂದು ವಾರ ಅಲ್ಲೇ ಮಲಗಿಸಿ ಎಬ್ಬಿಸಿ ಕರೆತನ್ನಿ. ಆಮೇಲೆ ಒಂದು ರಾತ್ರಿ ಉಳಿಯಿರಿ. ರಾತ್ರಿ ಎರಡು ಗಂಟೆಗೆ ಅಳು ಶುರುವಾದರೂ ಆಟೋ ಹಿಡಿದು ಮನೆಗೆ ಬರುವಷ್ಟು ಹತ್ತಿರವಿದ್ದರೆ ನಿಮಗೂ ಧೈರ್ಯ. ಇದಾದ ಮೇಲೆಯೇ ದೂರದ ಊರು.

ಹೋಗುವ ಊರನ್ನು ಮಗುವಿಗೆ ಮೊದಲೇ ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಊರಿನ ಮನೆಯ ಬಾಗಿಲು, ಮಲಗುವ ಜಾಗ, ಬಚ್ಚಲು, ಶೌಚಾಲಯ, ಅಜ್ಜಿಯ ಮುಖ, ಇವುಗಳ ಫೋಟೋ ತರಿಸಿಕೊಂಡು ಪ್ರಿಂಟ್ ಹಾಕಿಸಿ ನೋಟ್‌ಬುಕ್ಕಿನಲ್ಲಿ ಕ್ರಮವಾಗಿ ಅಂಟಿಸಿ. ಮೊದಲು ನಿಮ್ಮ ಮನೆ, ಆಮೇಲೆ ಬಸ್ಸು, ಆಮೇಲೆ ಅಜ್ಜಿಯ ಮನೆ. ಕೆರಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ 1991ರಿಂದ ಇಂಥ ಚಿಕ್ಕ ಕಥೆಗಳನ್ನು ಬಳಕೆಗೆ ತಂದರು. ನಮ್ಮ ಚಿಕಿತ್ಸಕರು ನಿಮಗೆ ಮಾಡಿಸುವುದೂ ಅದನ್ನೇ. ಒಂದು ಹಾಳೆಯನ್ನು ಮಾತ್ರ ಮರೆಯಬೇಡಿ: ಕೊನೆಯದು. ಅದರಲ್ಲಿ ಮತ್ತೆ ನಿಮ್ಮ ಮನೆಯ ಬಾಗಿಲ ಫೋಟೋ ಇರಬೇಕು. ಮಾತು ಬಾರದ ಎಷ್ಟೋ ಮಕ್ಕಳು ಊರಿಗೆ ಹೋದ ಮೊದಲ ದಿನ ಅಳುವುದು ಇನ್ನು ಮನೆಗೆ ಹೋಗುವುದೇ ಇಲ್ಲ ಎಂದುಕೊಂಡು. ಜೊತೆಗೆ ಕ್ಯಾಲೆಂಡರಿನಲ್ಲಿ ಎಷ್ಟು ರಾತ್ರಿ ಎಂದು ಗುರುತು ಹಾಕಿ, ದಿನಾ ಬೆಳಿಗ್ಗೆ ಮಗುವಿನ ಕೈಯಿಂದಲೇ ಒಂದೊಂದು ಅಳಿಸಿ.

ಎಷ್ಟು ದಿನ ಮೊದಲು ಹೇಳಬೇಕು? ಇದಕ್ಕೆ ಒಂದೇ ಲೆಕ್ಕವಿಲ್ಲ. ಕೆಲವರಿಗೆ ತಿಂಗಳು ಬೇಕು. ಇನ್ನು ಕೆಲವರು ತಿಂಗಳ ಮೊದಲೇ ಹೇಳಿದರೆ ಅಷ್ಟೂ ದಿನ ನಿದ್ದೆ ಬಿಡುತ್ತಾರೆ. ಅವರಿಗೆ ಎರಡು ದಿನ ಸಾಕು. ನಿಮ್ಮ ಮಗುವನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ.

ತೋರಿಸಿದ್ದು ಆಗದೇ ಹೋದರೆ? ಒಂದು ಕುಟುಂಬದವರು ಮೈಸೂರಿನ ಮೃಗಾಲಯದ ಆನೆ, ಜಿರಾಫೆಗಳ ಚಿತ್ರ ಮೂರು ವಾರ ತೋರಿಸಿ, ಕಡೆಗೆ ಹೋದದ್ದು ಮಂಗಳವಾರ. ಮಂಗಳವಾರ ಅದಕ್ಕೆ ವಾರದ ರಜೆ. ಗೇಟಿನ ಮುಂದೆ ಮಗು ಹೊರಳಾಡಿದ್ದನ್ನು ತಂದೆ ನನಗೆ ಹೇಳುವಾಗ ನಕ್ಕರು, ಆದರೆ ಅಂದು ಅವರು ನಕ್ಕಿರಲಿಕ್ಕಿಲ್ಲ. ವಾರದ ರಜೆ, ತೆರೆಯುವ ಹೊತ್ತು ಇವನ್ನು ವಿಚಾರಿಸಿಕೊಂಡೇ ಹೊರಡಿ. ಇಷ್ಟಾದರೂ ಬಸ್ಸು ತಪ್ಪಬಹುದು, ಮಳೆ ಬರಬಹುದು. ಅದಕ್ಕಾಗಿ 'ಬದಲಾಯಿತು' ಎಂಬುದಕ್ಕೆ ಒಂದು ಚಿತ್ರ ಮಾಡಿಟ್ಟು ಮನೆಯಲ್ಲೇ ರೂಢಿ ಮಾಡಿಸಿ. ಇಡ್ಲಿ ಎಂದು ಹೇಳಿ ಉಪ್ಪಿಟ್ಟು ಕೊಡುವಾಗ ಆ ಚಿತ್ರ ತೋರಿಸಿ. ಸಣ್ಣ ಬದಲಾವಣೆಯಲ್ಲಿ ಕಲಿತದ್ದು ದೊಡ್ಡದಕ್ಕೆ ಬರುತ್ತದೆ.

ಇನ್ನು ಪ್ರಯಾಣ. ಬಸ್ಸಾದರೆ ನಿಮ್ಮ ಊರಿನಿಂದಲೇ ಹೊರಡುವ ಬಸ್ಸನ್ನು ಹಿಡಿಯಿರಿ. ಎಲ್ಲಿಂದಲೋ ಬರುವ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕೋ ಗೊತ್ತಿರುವುದಿಲ್ಲ, ಸೀಟೂ ಸಿಗುವುದಿಲ್ಲ. ಕಿಟಕಿಯ ಕಡೆ ಮಗು, ಹೊರಗಡೆ ನೀವು. ರೈಲಾದರೆ, ಬೌದ್ಧಿಕ ಅಸಾಮರ್ಥ್ಯವಿದ್ದು ಜೊತೆಗಾರರಿಲ್ಲದೆ ಪ್ರಯಾಣಿಸಲಾರದವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ದರದಲ್ಲಿ ಶೇಕಡಾ 75ರಷ್ಟು ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ಇದೆ. ಇದಕ್ಕೆ ರೈಲ್ವೆಯ ನಮೂನೆಯಲ್ಲಿ ಸರಕಾರಿ ವೈದ್ಯರ ಪ್ರಮಾಣಪತ್ರ ಬೇಕು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದು ಸೇರಿದೆ. ಯುಡಿಐಡಿ ಕಾರ್ಡ್ ಮಾಡಿಸದವರು ದಯವಿಟ್ಟು ಮಾಡಿಸಿಕೊಳ್ಳಿ. ಮಗನೋ ಮಗಳೋ ವಿದೇಶದಲ್ಲಿದ್ದು ವಿಮಾನದಲ್ಲಿ ಹೋಗುವವರು ನಿಮ್ಮಲ್ಲಿ ಒಬ್ಬಿಬ್ಬರಿದ್ದರೆ ಅವರಿಗೊಂದು ಮಾತು: ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿಯ ವ್ಯವಸ್ಥೆ ಶುರುವಾಯಿತು. ಹೊರಗೆ ಕಾಣದ ತೊಂದರೆ ಇರುವವರು ಇವರು ಎಂದು ಸಿಬ್ಬಂದಿ ಅದರಿಂದ ಗುರುತಿಸುತ್ತಾರೆ.

ಪ್ರಯಾಣದಲ್ಲಿ ಮಗು ಮಲಗಿರಲಿ ಎಂದು ಕೆಮ್ಮಿನ ಔಷಧ, ವಾಂತಿಯ ಔಷಧ ಕುಡಿಸುವವರಿದ್ದಾರೆ. ಮಾಡಬೇಡಿ. ಇಂಥ ಔಷಧಗಳಿಂದ ಕೆಲವು ಮಕ್ಕಳು ಮಲಗುವ ಬದಲು ಇನ್ನಷ್ಟು ಚಡಪಡಿಸುತ್ತಾರೆ. ಬಸ್ಸಿನಲ್ಲಿ ನಿಜವಾಗಿಯೂ ವಾಂತಿಯಾಗುವ ಮಗುವಾದರೆ ನಮ್ಮನ್ನು ಕೇಳಿ. ಹೊಸ ಔಷಧವನ್ನು ಹೊರಡುವ ದಿನವೇ ಮೊದಲ ಸಲ ಕೊಡಲೇಬಾರದು. ಫಿಟ್ಸ್ ಇರುವ ಮಕ್ಕಳ ಪಾಲಕರು ಇನ್ನಷ್ಟು ಎಚ್ಚರಿಕೆಯಿಂದ ಕೇಳಬೇಕು. ನಿದ್ದೆ ಕೆಟ್ಟರೆ, ಒಂದು ಹೊತ್ತಿನ ಗುಳಿಗೆ ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ಔಷಧವನ್ನು ದೊಡ್ಡ ಚೀಲದಲ್ಲಿ ಹಾಕಿ ಬಸ್ಸಿನ ಮೇಲೆ ಕಟ್ಟಿಸಬೇಡಿ. ಕೈಚೀಲದಲ್ಲಿ, ಚೀಟಿಯ ಸಮೇತ, ಐದು ದಿನಕ್ಕೆ ಹೆಚ್ಚಾಗುವಷ್ಟು ಇರಲಿ.

ಈಗ ಯಾರೂ ಸಭೆಯಲ್ಲಿ ಕೇಳಲು ಇಷ್ಟಪಡದ, ಆದರೆ ಎಷ್ಟೋ ಪ್ರವಾಸಗಳನ್ನು ಕೆಡಿಸುವ ವಿಷಯ: ಶೌಚ. ಮನೆಯ ಶೌಚಾಲಯದಲ್ಲಿ ಮಾತ್ರ ಕೂರುವ ಮಕ್ಕಳು ಬಹಳ. ಬೇರೆ ಊರಿಗೆ ಹೋದರೆ ಮೂರು ದಿನ, ನಾಲ್ಕು ದಿನ ತಡೆದುಕೊಂಡೇ ಇರುತ್ತಾರೆ. ಮೂರನೆಯ ದಿನ ಮಗು ಊಟ ಬಿಡುತ್ತದೆ, ಕಿರುಚುತ್ತದೆ, ಹೊಡೆಯಲು ಬರುತ್ತದೆ. ಎಲ್ಲರೂ ಜಾಗ ಬದಲಾಗಿ ಹೀಗಾಯಿತು ಎನ್ನುತ್ತಾರೆ. ಹೊಟ್ಟೆ ಮುಟ್ಟಿ ನೋಡಿದರೆ ಗಟ್ಟಿಯಾಗಿರುತ್ತದೆ. ಇದಕ್ಕೆ ಉಪಾಯ ಮೊದಲೇ ಮಾಡಬೇಕು. ನೆರೆಮನೆಯ, ಶಾಲೆಯ ಶೌಚಾಲಯ ಬಳಸಲು ರೂಢಿ ಮಾಡಿಸಿ. ಮನೆಯಲ್ಲಿ ಕಮೋಡ್ ಇದ್ದು ಊರಲ್ಲಿ ನೆಲದ ಮೇಲೆ ಕೂರುವ ಶೌಚಾಲಯವಿದ್ದರೆ ಇನ್ನೂ ಮೊದಲಿನಿಂದ ಶುರುಮಾಡಿ. ಮನೆಯ ಅದೇ ಬಣ್ಣದ ಮಗ್ಗನ್ನು ಒಯ್ಯಿರಿ. ಒಬ್ಬ ತಾಯಿ ಮಗ್ಗು ಕೊಂಡೊಯ್ದದ್ದರಿಂದಲೇ ಕೆಲಸವಾಯಿತು ಎಂದು ಹೇಳಿದಾಗ ಅವರ ಪತಿಗೆ ನಂಬಿಕೆ ಬರಲಿಲ್ಲ. ನನಗೆ ಬಂತು.

ಊಟದಲ್ಲಿಯೂ ಹೀಗೆಯೇ. ಮೊಸರನ್ನ ಮತ್ತು ಒಂದೇ ಬಗೆಯ ಬಿಸ್ಕೀಟು ಬಿಟ್ಟು ಬೇರೇನೂ ತಿನ್ನದ ಮಗುವಿಗೆ ಪ್ರವಾಸದಲ್ಲಿ ಹೊಸ ರುಚಿ ಕಲಿಸಲು ಹೋಗಬೇಡಿ. ಅದಕ್ಕೆ ವರ್ಷದ ಉಳಿದ ದಿನಗಳಿವೆ. ಅದೇ ತಟ್ಟೆ, ಅದೇ ಲೋಟ, ಅದೇ ಬಿಸ್ಕೀಟು, ಅಷ್ಟೇ. ಹೊದಿಕೆಯನ್ನು ಒಗೆಯದೇ ಒಯ್ಯಿರಿ. ಮನೆಯ ವಾಸನೆ ಅದರಲ್ಲಿರುತ್ತದೆ. ಊರು ಮುಟ್ಟಿದ ದಿನ ಎಲ್ಲಿಗೂ ಹೊರಡಬೇಡಿ, ಮನೆಯೊಳಗೆ ಎಲ್ಲ ಕೋಣೆ ಸುತ್ತಿ ನೋಡಲು ಬಿಡಿ.

ಸದ್ದಿಗೆ ಹೆದರುವ ಮಕ್ಕಳಿಗೆ ತೇರಿನ ದಿನ ದೊಡ್ಡ ಪರೀಕ್ಷೆ. ಡೊಳ್ಳು, ಪಟಾಕಿ, ಧ್ವನಿವರ್ಧಕ. ಅಂಥವರನ್ನು ಹಿಂದಿನ ದಿನ ಬೆಳಿಗ್ಗೆ ಕರೆದೊಯ್ದು ನಿಂತಿರುವ ತೇರನ್ನು ತೋರಿಸಿ, ಬೇಕಾದಷ್ಟು ಹೊತ್ತು ಗಾಲಿ ಮುಟ್ಟಲಿ. ತೇರೆಳೆಯುವ ಹೊತ್ತಿಗೆ ಅವರಲ್ಲಿ ಇರಬೇಕೆಂದೇನಿಲ್ಲ. ಕಿವಿಗೆ ಹತ್ತಿ ಇಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಹಾಕಿಕೊಳ್ಳುವ ಕಿವಿಮುಚ್ಚಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಒಳ್ಳೆಯದು. ಇಷ್ಟಾದರೂ ಮಗು ಕೈಮೀರಿ ಅಳಲು ಶುರುಮಾಡಿದರೆ ಉಪದೇಶ ಬೇಡ. ಮಾತು ಕಡಿಮೆ ಮಾಡಿ, ಜನರಿಲ್ಲದ ಕಡೆಗೆ ಕರೆದೊಯ್ದು, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಕಾಯಿರಿ. ಸುತ್ತಲಿನವರು ನೋಡಲಿ. ಅವರ ಮನೆಗೇನೂ ನೀವು ಹೋಗುವವರಲ್ಲ.

ಹೋಗುವ ಮನೆಯವರಿಗೆ ಮಾತ್ರ ಮೊದಲೇ ಫೋನಿನಲ್ಲಿ ಹೇಳಬೇಕು. ಅಜ್ಜಿಗೆ ಮೊಮ್ಮಗನನ್ನು ಅಪ್ಪಿ ಮುದ್ದಾಡುವ ಆಸೆ. ಮಗುವಿಗೆ ಮುಟ್ಟಿದರೆ ಆಗದು. "ಅವ್ವಾ, ಬಂದ ಕೂಡ್ಲೆ ಎತ್ಕೋಬ್ಯಾಡ, ಗಲ್ಲ ಹಿಂಡಬ್ಯಾಡ, ಬಾಜೂಕ ಸುಮ್ನ ಕುಂದ್ರು, ಅವ್ನ ಬರ್ತಾನ" ಎಂದು ಹೇಳಿಡಿ. ಇನ್ನು, ತಾಯಿಯ ಮುದ್ದು ಹೆಚ್ಚಾಗಿ ಹೀಗಾಯಿತು, ಕಡಿಮೆಯಾಗಿ ಹೀಗಾಯಿತು ಎನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಅವರನ್ನು ಏನೆನ್ನುವುದು, ತಾಯಿಯ ಅಕ್ಕರೆ ಸಾಲದೆ ಆಟಿಸಂ ಬರುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು. ತಾವೇ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನೋವಿಜ್ಞಾನಿ 1964ರಲ್ಲಿ ಪುಸ್ತಕ ಬರೆದು ಅದು ಸುಳ್ಳೆಂದು ವಾದಿಸಿದರು. ಮಿದುಳಿನ ಬೆಳವಣಿಗೆಯ ವ್ಯತ್ಯಾಸ ಇದು ಎಂಬುದರಲ್ಲಿ ಈಗ ಅನುಮಾನವಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಮಾತನ್ನು ಈಗ ಹೇಳುತ್ತೇನೆ. ಹಿಂದೆ ಕೂತಿರುವ ತಂದೆಯವರೂ ದಯವಿಟ್ಟು ಕೇಳಿಸಿಕೊಳ್ಳಿ. ಈ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷದ ನಂತರ ಒಮ್ಮೆಯಾದರೂ ಹಾಗೆ ಹೋಗಲು ಯತ್ನಿಸಿದ್ದರೆಂದು ಪಾಲಕರು ತಿಳಿಸಿದ್ದರು. ಇವರಲ್ಲಿ ಅನೇಕರಿಗೆ ನೀರೆಂದರೆ ಎಲ್ಲಿಲ್ಲದ ಸೆಳೆತ, ಅಪಾಯದ ಅರಿವು ಮಾತ್ರ ಇರುವುದಿಲ್ಲ. ಊರ ಮನೆಯ ಹಿತ್ತಲಲ್ಲಿ ಬಾವಿ ಇದೆಯೇ, ಹತ್ತಿರ ಕೆರೆ, ಕೃಷಿಹೊಂಡ, ಕಾಲುವೆ ಇದೆಯೇ ಎಂದು ಮುಟ್ಟಿದ ಕೂಡಲೇ ನೋಡಿಕೊಳ್ಳಿ. ರಾತ್ರಿ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಕೂಡಲಸಂಗಮದಂಥ ನದೀತೀರಕ್ಕೋ ಸಮುದ್ರಕ್ಕೋ ಹೋದರೆ 'ಎಲ್ಲರೂ ನೋಡುತ್ತಿದ್ದಾರೆ' ಎಂದು ಬಿಡಬೇಡಿ. ಎಲ್ಲರೂ ಎಂದರೆ ಯಾರೂ ಅಲ್ಲ. ಇಂತಿಷ್ಟು ಹೊತ್ತು ಅಪ್ಪ, ಆಮೇಲೆ ಸೋದರಮಾವ ಎಂದು ಒಬ್ಬರ ಹೆಸರು ಹಿಡಿದೇ ಹೇಳಿ, ಅವರು ಆ ಹೊತ್ತಿನಲ್ಲಿ ಫೋನು ಮುಟ್ಟಬಾರದು. ಮಗುವಿನ ಕಿಸೆಯಲ್ಲಿ, ಮಾತು ಬರುವುದಿಲ್ಲ ಎಂದೂ ಇಬ್ಬರ ಫೋನ್ ನಂಬರನ್ನೂ ಬರೆದ ಚೀಟಿ ಇರಲಿ. ಹೊರಡುವ ಬೆಳಿಗ್ಗೆ ಅಂದು ಹಾಕಿದ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಡಿ. ಮಗು ಕಾಣದಿದ್ದರೆ ಮೊದಲು ಓಡಬೇಕಾದದ್ದು ನೀರಿನ ಕಡೆಗೆ. ಜೊತೆಗೇ ಇನ್ನೊಬ್ಬರು 112ಕ್ಕೆ ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿ 1098, ರೈಲಿನಲ್ಲಾದರೆ 139. ಸ್ವಲ್ಪ ಹೊತ್ತು ನಾವೇ ಹುಡುಕೋಣ ಎಂದು ಸಂಕೋಚಪಟ್ಟು ಕೂರಬೇಡಿ.

ಮೊದಲು ಹೇಳಿದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರಿಗೊಬ್ಬಳು ಮಗಳು, ಹುಡುಗನಿಗಿಂತ ಮೂರು ವರ್ಷ ಚಿಕ್ಕವಳು. ಅಣ್ಣನ ಕಾರಣದಿಂದ ಆಕೆ ಯಾವ ರಜೆಯಲ್ಲೂ ಎಲ್ಲಿಗೂ ಹೋದವಳಲ್ಲ, ಅದನ್ನು ಬಾಯಿಬಿಟ್ಟು ಹೇಳಿದವಳೂ ಅಲ್ಲ. ಶಾಲೆಯಲ್ಲಿ ರಜೆಯ ಬಗ್ಗೆ ಪ್ರಬಂಧ ಬರೆಯಲು ಹೇಳಿದಾಗ ಗೆಳತಿ ನೋಡಿಬಂದ ಸಮುದ್ರವನ್ನೇ ತಾನು ನೋಡಿದಂತೆ ಬರೆದಿದ್ದಳಂತೆ. ತಾಯಿಗೆ ಆ ನೋಟ್‌ಬುಕ್ ಸಿಕ್ಕಿತು. ಆಮೇಲೆ ನಾವೆಲ್ಲ ಕೂತು ಒಂದು ವರ್ಷ ತಯಾರಿ ಮಾಡಿದೆವು. ಚಿಗವ್ವನ ಮನೆಯಲ್ಲಿ ನಾಲ್ಕು ಸಲ ಉಳಿದರು, ಫೋಟೋ ಪುಸ್ತಕವಾಯಿತು, ಮಗ್ಗು ಚೀಲಕ್ಕೆ ಬಂತು. ಮೂರು ದಿನಕ್ಕೆಂದು ಗೋಕರ್ಣಕ್ಕೆ ಹೋದರು.

ಎಲ್ಲವೂ ಚೆನ್ನಾಗಿ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ರಾತ್ರಿ ಹುಡುಗ ಮಲಗಲಿಲ್ಲ. ಕೋಣೆಯ ಫ್ಯಾನು ಮಾಡುವ ಸದ್ದು ಬೇರೆಯಾಗಿತ್ತು, ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಮರಳು ಕಾಲಿಗೆ ತಾಗಬಾರದೆಂದು ಚಪ್ಪಲಿ ಬಿಡಲಿಲ್ಲ. ಎರಡನೆಯ ದಿನ ಮಧ್ಯಾಹ್ನವೇ ಪುಸ್ತಕದ ಕೊನೆಯ ಹಾಳೆ ತೆಗೆದು ತಾಯಿಯ ಮುಂದೆ ಹಿಡಿದ, ಮನೆಯ ಬಾಗಿಲ ಫೋಟೋ. ಅವರು ಅಂದೇ ವಾಪಸು ಹೊರಟರು. ಮೂರು ದಿನದ ಪ್ರವಾಸ ಒಂದೂವರೆ ದಿನಕ್ಕೆ ಮುಗಿಯಿತು. ಆದರೆ ಬೇಕಾದ್ದನ್ನು ಕಿರುಚದೆ, ಕಚ್ಚದೆ ಕೇಳಿದ್ದು ಅವನು ಅದೇ ಮೊದಲು. ಮಗಳು ಎರಡು ಬೆಳಿಗ್ಗೆ ತಂದೆಯ ಕೈಹಿಡಿದು ನೀರಲ್ಲಿ ನಿಂತಿದ್ದಳು. ಈ ಪಾಳಿ ಹಂಚಿಕೊಳ್ಳುವುದನ್ನು ಎಲ್ಲರೂ ಮಾಡಬಹುದು: ಒಬ್ಬರು ಈ ಮಗುವಿನ ಜೊತೆ ಇದ್ದಾಗ ಇನ್ನೊಬ್ಬರು ಉಳಿದ ಮಕ್ಕಳಿಗೆ ಪೂರ್ತಿ ಸಿಗಬೇಕು.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಮಗು ಸ್ವಲ್ಪ ಕೆರಳಿರುತ್ತದೆ. ಶಾಲೆ ಶುರುವಾಗುವ ಹಿಂದಿನ ದಿನ ಊರಿನಿಂದ ಬಂದಿಳಿಯಬೇಡಿ, ನಡುವೆ ನಾಲ್ಕು ದಿನ ಬಿಡಿ. ಹಳೆಯ ಹೊತ್ತಿಗೆ ಊಟ, ಹಳೆಯ ಹೊತ್ತಿಗೆ ನಿದ್ದೆ ಮತ್ತೆ ಶುರುವಾದರೆ ಸರಿಹೋಗುತ್ತದೆ. ವಾರವಾದರೂ ನಿದ್ದೆ ಊಟ ಹತೋಟಿಗೆ ಬರದಿದ್ದರೆ ನಮ್ಮ ಹತ್ತಿರ ಕರೆದುಕೊಂಡು ಬನ್ನಿ.

ಫೋಟೋ ಪುಸ್ತಕ ಮಾಡಲು ಬಾರದವರು ಫೋನಿನಲ್ಲಿ ಚಿತ್ರ ತರಿಸಿಕೊಂಡು ಬಂದರೆ ನಮ್ಮ ವಿಭಾಗದ ಸಹೋದರಿಯರು ಕೂಡಿಸಿ ಕೊಡುತ್ತಾರೆ. ಈಗ ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲರ ಎದುರು ಕೇಳಲು ಮುಜುಗರವಾದರೆ ಸಭೆಯ ನಂತರ ನಾನು ಇಲ್ಲೇ ಇರುತ್ತೇನೆ.